ದುರ್ಗದ ಬೈಲಿನ ಸಬ್‌ಮರೀನು

ನೌಕಾದಳದಿಂದ ಬಿಡುಗಡೆಯಾಗಿ ನಾನು ಹುಬ್ಬಳ್ಳಿಗೆ ಮರಳಿದಾಗ ನನ್ನನ್ನು ಏನು ಮಾಡಬೇಕೆಂದು ಊರಿಗೆ ತಿಳಿಯಲಿಲ್ಲ. ಇವನು ಇಷ್ಟು ವರ್ಷ ನೀರಿನ ಮೇಲಿದ್ದವನು ಎಂಬ ಒಂದೇ ಅರ್ಹತೆಯ ಮೇಲೆ ಕೊನೆಗೆ ನೀರಿನ ಟಾಕಿಯ ಪಂಪು ನೋಡಿಕೊಳ್ಳುವ ಕೆಲಸ ಕೊಟ್ಟರು. ಐವತ್ತರ ದಶಕ ಮುಗಿಯುತ್ತಿತ್ತು. ಟಾಕಿಗೆ ನೀರು ಬರುವುದೇ ಅಪರೂಪವಾಗಿದ್ದರಿಂದ ಹಡಗಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿಯೂ ಮಾಡಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಾ ಕೂಡ್ರುವುದು.

ನಮ್ಮ ಹಡಗಿನವರೇ ಇನ್ನಿಬ್ಬರು ಊರಲ್ಲಿದ್ದರು. ಒಬ್ಬ ಬಾಯ್ಲರ್ ಕೋಣೆಯಲ್ಲಿ ಬೆಂದು ಬಂದವನು. ಹಳೇ ಹುಬ್ಬಳ್ಳಿಯಲ್ಲಿ ತನ್ನ ಚಿಕ್ಕಪ್ಪನ ಗ್ಯಾರೇಜಿನ ಪಕ್ಕದಲ್ಲೇ ಆಯಿಲ್ ಎಂಜಿನ್ ರಿಪೇರಿಯ ಅಂಗಡಿ ಇಟ್ಟಿದ್ದ. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಎಂಜಿನ್ನಿಗೆ ಉರ್ದುವಿನಲ್ಲಿ ಬೈಯುತ್ತಿದ್ದ, ಗಿರಾಕಿಗೆ ಕನ್ನಡದಲ್ಲಿ. ಇನ್ನೊಬ್ಬ ಹಡಗಿನ ಅಡುಗೆಯವನು. ನಮಗೆ ಅವನು ಭಂಡಾರಿ. ಊರಿಗೆ ಮಾತ್ರ ಕ್ಯಾಪ್ಟನ್.

ಈ ಬಡ್ತಿ ಅವನಿಗೆ ಕೊಟ್ಟವರು ಯಾರೂ ಅಲ್ಲ, ತಾನೇ ತೆಗೆದುಕೊಂಡಿದ್ದ. ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ಅವನ ಖಾನಾವಳಿ. ಒಳಗೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ಇವನು ಗಲ್ಲಾದ ಮೇಲೆ ಕೂತು ಯುದ್ಧ ಮಾಡುತ್ತಿದ್ದ. ಅವನ ಕೈಯಡುಗೆ ಉಂಡು ಬದುಕಿದವನಾಗಿ ಹೇಳುತ್ತೇನೆ, ಖಾನಾವಳಿ ನಡೆದದ್ದು ಅವನು ಒಲೆಯಿಂದ ದೂರ ಇದ್ದದ್ದರಿಂದಲೇ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಜೊತೆ ಗಿರಾಕಿಗೆ ಪುಕ್ಕಟೆಯಾಗಿ ಒಂದು ಸಬ್‌ಮರೀನು. ಜಪಾನಿನವರ ಆ ಸಬ್‌ಮರೀನು ಮೇಲೆದ್ದು ಗುಂಡು ಹಾರಿಸಿತ್ತು, ಗುಂಡಿನ ಚೂರು ಇವನ ಬಲಗಾಲಿಗೆ ಹೊಕ್ಕಿತ್ತು, ಆದರೂ ಇವನು ತೋಪಿನ ಹಿಂದೆ ನಿಂತು ಅದನ್ನು ಮುಳುಗಿಸಿದ್ದ. ಕಥೆ ಮುಗಿಯುವಾಗ ಎದ್ದು ಕುಂಟುತ್ತಾ ಎರಡು ಹೆಜ್ಜೆ ಹಾಕಿ ತೋರಿಸುತ್ತಿದ್ದ.

ಅವನು ನೌಕಾದಳ ಸೇರುವ ಹೊತ್ತಿಗೆ ಜಪಾನು ಶರಣಾಗಿ ವರ್ಷ ಕಳೆದಿತ್ತು. ಈ ಸಣ್ಣ ತೊಡಕನ್ನು ಹುಬ್ಬಳ್ಳಿಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಮೇಸ್ತ್ರಿಯೂ ರವಿವಾರ ಅಲ್ಲಿ ಊಟಕ್ಕೆ ಹೋದಾಗ ಅವನು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ನೋಡಿದರೆ ಮೂವರೂ ನಗುತ್ತಿದ್ದೆವು, ಸಬ್‌ಮರೀನು ಅಲ್ಲೇ ಮುಳುಗುತ್ತಿತ್ತು.

ಅರವತ್ತೈದರ ಯುದ್ಧ ಬಂದಾಗ ಅವನ ಬೆಲೆ ಏರಿತು. ಓಣಿಯ ಹಿರಿಯರೊಬ್ಬರು, ಹತ್ತಿ ಅಡತಿಯವರು, ಉಣಕಲ್ ಕೆರೆಗೆ ಶತ್ರು ನುಗ್ಗುವ ಸಾಧ್ಯತೆ ಇದೆಯೇ ಎಂದು ಅವನನ್ನು ಕೇಳಿದರು. ಅವನು ಕಣ್ಣು ಮುಚ್ಚಿ ವಿಚಾರ ಮಾಡಿ, "ಆಳ ಸಾಲೂದಿಲ್ರಿ" ಎಂದ. ಹಿರಿಯರು ನೆಮ್ಮದಿಯಿಂದ ಮನೆಗೆ ಹೋದರು.

ಅದಾದ ಮರುವರ್ಷ ಅವನು ಸತ್ತ. ಮಧ್ಯಾಹ್ನದ ಊಟದ ಹೊತ್ತು, ಗದುಗಿನ ಕಡೆಯ ಅರಿವೆ ವ್ಯಾಪಾರಿಯೊಬ್ಬರಿಗೆ ಕಥೆ ಹೇಳುತ್ತಿದ್ದ. ಸಬ್‌ಮರೀನು ನೀರಿನಿಂದ ಮೂತಿ ಹೊರಗೆ ಹಾಕಿತ್ತು. ಅಲ್ಲಿಗೆ ಮಾತು ನಿಂತಿತು. ವ್ಯಾಪಾರಿ ತುತ್ತು ನುಂಗಿ, "ಆಮ್ಯಾಲೇನಾತ್ರಿ?" ಎಂದು ಎರಡು ಸಲ ಕೇಳಿದರಂತೆ. ಉತ್ತರ ಬರದಿದ್ದಾಗ ತಲೆ ಎತ್ತಿ ನೋಡಿದರು. ಭಂಡಾರಿ ಗಲ್ಲಾದ ಮೇಲೆ ತಲೆ ಇಟ್ಟಿದ್ದ. ಎದೆಬಡಿತ ನಿಂತಿತ್ತು.

ಅವನ ಮನೆತನದ ಲಿಂಗಾಯತ ಪದ್ಧತಿಯ ಪ್ರಕಾರ ಕೂಡ್ರಿಸಿ ಮಣ್ಣು ಮಾಡಿದರು. ಗುಂಡಿಯಲ್ಲಿ ಅವನು ಕೂತಿದ್ದು ಥೇಟ್ ಗಲ್ಲಾದ ಮೇಲೆ ಕೂತ ಹಾಗೆಯೇ ಇತ್ತು. ಮೇಸ್ತ್ರಿ ನನ್ನ ಕಿವಿಯಲ್ಲಿ, "ಬಾಯಿ ತಗದಾನು, ಹುಷಾರ್" ಎಂದ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದು ಕೆಮ್ಮಿದೆ. ಮಣ್ಣು ಮುಗಿದ ಮೇಲೆ ಗದುಗಿನ ವ್ಯಾಪಾರಿ ನಮ್ಮ ಹತ್ತಿರ ಬಂದು ಮೆಲ್ಲಗೆ, "ನೀವು ಅದs ಹಡಗಿನ್ಯಾಗ ಇದ್ರೆಂತಲ್ಲ, ಆ ಸಬ್‌ಮರೀನಿಂದು ಮುಂದೇನಾತ್ರಿ?" ಎಂದರು. "ಇದು ಹೊತ್ತಲ್ರಿ" ಎಂದು ನಾನು ತಪ್ಪಿಸಿಕೊಂಡೆ.

ಹೊತ್ತು ಬಂದೇ ಬಿಟ್ಟಿತು. ಅಡತಿಯ ಹಿರಿಯರು ಮುಂದಿನ ರವಿವಾರ ಬೆಳಿಗ್ಗೆ ಗಣಪತಿ ಕೂಡ್ರಿಸುವ ಬಯಲಿನಲ್ಲಿ ಶೋಕಸಭೆ ಇಟ್ಟರು. ಜಮಖಾನೆ, ಬಾಡಿಗೆಯ ಮೈಕು, ಹಾರ ಹಾಕಿದ ಫೋಟೋ. ಫೋಟೋದಲ್ಲಿ ಅವನು ತಲೆಗೆ ಇಟ್ಟುಕೊಂಡಿದ್ದು ಯಾವ ನೌಕಾದಳದ ಟೋಪಿಯೂ ಅಲ್ಲ, ಬ್ಯಾಂಡಿನವರದು. ಹಿರಿಯರು ಒಂದು ತಾಸು ಮಾತಾಡಿದರು. ಅವರ ಭಾಷಣದಲ್ಲಿ ಸಬ್‌ಮರೀನುಗಳು ಎರಡಾಗಿದ್ದವು. ಕೊನೆಗೆ ನಮ್ಮ ಕಡೆ ಕೈ ತೋರಿಸಿ, "ಕ್ಯಾಪ್ಟನ್ ಸಾಹೇಬರ ಕೈಯಾಗ ಸಿಪಾಯಿಗಳಾಗಿ ದುಡಿದ ಈ ಇಬ್ಬರು ಎರಡು ಮಾತು ಹೇಳಬೇಕು" ಎಂದರು.

ಇದು ಕೇಳಿ ಮೇಸ್ತ್ರಿಯ ಮುಖ ಬಾಯ್ಲರಿನಂತೆ ಕೆಂಪಾಯಿತು. ಸತ್ತವನ ಸುಳ್ಳನ್ನು ಅವನು ಸಹಿಸಿಯಾನು, ಒಬ್ಬ ಅಡುಗೆಯವನ ಕೈಕೆಳಗೆ ದುಡಿದವನು ಎನ್ನಿಸಿಕೊಳ್ಳುವುದನ್ನಲ್ಲ. ನಾನು ಅವನ ಅಂಗಿ ಹಿಡಿದು ಜಗ್ಗಿದೆ. ಅಂಗಿ ನನ್ನ ಕೈಯಿಂದ ಹೋಯಿತು, ಅವನು ಮೈಕಿನ ಮುಂದೆ ನಿಂತ.

"ಕ್ಯಾಪ್ಟನ್ ಅಲ್ರಿ ಅವ. ಭಂಡಾರಿ. ಅಡಗಿ ಮಾಡ್ತಿದ್ದ. ಅದೂ ಕೆಟ್ಟ ಅಡಗಿ."

ನಾನು ಹೆಂಗಸರ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅಲ್ಲಿ ಅವನ ಹೆಂಡತಿ ಕೂತಿದ್ದಳು.

ಮೇಸ್ತ್ರಿ ಮುಂದುವರಿಸಿದ. ಮಳೆಗಾಲದಲ್ಲಿ ನಮ್ಮ ಹಡಗು ಅರಬ್ಬೀ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿಬಿದ್ದಾಗಿನ ಸಂಗತಿ ಅದು. ಅಧಿಕಾರಿಗಳಿಂದ ಹಿಡಿದು ಕಸ ಹೊಡೆಯುವವನ ತನಕ ಎಲ್ಲರೂ ವಾಂತಿ ಮಾಡಿಕೊಂಡು ಬಿದ್ದಿದ್ದೆವು. ಬಾಯ್ಲರ್ ಆರಿದರೆ ಹಡಗು ಮಗುಚುವುದೇ ಸೈ ಎಂದು ಮೇಸ್ತ್ರಿ ಮತ್ತು ಅವನ ಜೊತೆಯವರು ಕೆಳಗೆ ಉಪವಾಸ ದುಡಿಯುತ್ತಿದ್ದರು.

"ಅವನೂ ಕಾರ್‍ಕೋತಿದ್ದ. ಬಾಜೂಕ ಬಕೀಟು ಇಟ್ಕೊಂಡು, ನಡಕ್ಕ ಹಗ್ಗಾ ಕಟ್ಕೊಂಡು, ಕಂಬಕ್ಕ ಬಿಗಕೊಂಡು ಬ್ಯಾಳಿ ಸಾರು ಕುದಿಸಿದ. ಹಡಗ ವಾಲಿತು, ಡಬರಿ ಜಾರಿತು. ಕೈಲೆ ಹಿಡಿಯಾಕ ಆಗಲಿಲ್ಲ, ಕಾಲು ಕೊಟ್ಟ. ಅರ್ಧಾ ಸಾರು ಕಾಲ ಮ್ಯಾಲ ಬಿತ್ತು. ಉಳದದ್ದು ಹೊತಗೊಂಡು ಒಂದs ಕಾಲಿನ ಮ್ಯಾಲ ಏಣಿ ಇಳದು ನಮ್ಮ ತನಕ ಬಂದ್ರಿ. ಉಪ್ಪು ಹಾಕೂದು ಮರ್ತಿದ್ದ. ಅಂಥಾ ದರಿದ್ರ ಸಾರು ನಾ ಜಲ್ಮದಾಗ ಉಂಡಿಲ್ಲ. ಎರಡ ಸಲ ಹಾಕಿಸ್ಕೊಂಡೇನಿ."

ಇಷ್ಟು ಹೇಳಿ ಅವನು ನಿಂತೇ ಇದ್ದ. ಮೈಕು ಬಿಟ್ಟು ಬರಲು ಮರೆತಂತಿತ್ತು. ಮೈಕಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು. ಆಗ ಜಮಖಾನೆಯ ನಡುವಿನಿಂದ ಗದುಗಿನ ವ್ಯಾಪಾರಿ ಎದ್ದರು. ಪಾಪ, ಸಭೆಗೆಂದೇ ರೈಲು ಹತ್ತಿ ಬಂದಿದ್ದರು.

"ಹಂಗಾರ ಆ ಸಬ್‌ಮರೀನು?"

"ಸಬ್‌ಮರೀನು ನಂದ್ರಿ."

ಎಲ್ಲರೂ ತಿರುಗಿದರು. ಎದ್ದು ನಿಂತವಳು ಭಂಡಾರಿಯ ಹೆಂಡತಿ. ಸೆರಗು ಸರಿಮಾಡಿಕೊಂಡು, ಗಿರಾಕಿಗೆ ಪಲ್ಯ ಏನಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು:

"ಅವರು ನನಗ ಲಗ್ನಾದ ವಾರದಾಗ ಖರೇ ಹೇಳಿದ್ರು. ಗಿರಾಕಿಗೂ ಅದನ್ನs ಹೇಳಾಕ ಹೊಂಟಿದ್ರು. ನಾನs ತಡದೆ. ಮೈಮ್ಯಾಲ ಸಾರು ಚೆಲ್ಲಿಕೊಂಡವನ ಖಾನಾವಳಿಗೆ ಯಾರ್ ಊಟಕ್ಕ ಬರ್ತಾರ್ರಿ? ಏನರ ದೊಡ್ಡದು ಹೇಳ್ರಿ ಅಂದೆ. ಏನ್ ಹೇಳ್ಲಿ ಅಂದ್ರು. ಪೇಪರಿನ್ಯಾಗ ಆ ಹೆಸರು ಓದಿದ್ದೆ, ಸಬ್‌ಮರೀನು ಅಂತ. ಅದು ಏನಂತ ನನಗೂ ಗೊತ್ತಿರಲಿಲ್ಲ. ಅದನ್ನs ಕೊಟ್ಟೆ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ನಾನಿರಬಹುದು. ಆಮೇಲೆ ಇಡೀ ಬಯಲು ನಕ್ಕಿತು. ಹಿರಿಯರು ಮೈಕು ಕಸಿದುಕೊಂಡು "ಶಾಂತತಾ, ಶಾಂತತಾ, ಇದು ಶೋಕಸಭಾ" ಎನ್ನುತ್ತಾ ತಾವೇ ತಡೆಯಲಾರದೆ ಪೇಟದ ಚುಂಗು ಬಾಯಿಗೆ ಒತ್ತಿಕೊಂಡರು. ಆಕೆ ಮಾತ್ರ ನಗಲಿಲ್ಲ. ಕೂತು, ಮುಖ ಮುಚ್ಚಿಕೊಂಡು, ಗಂಡ ಸತ್ತ ಮೇಲೆ ಮೊದಲನೆಯ ಸಲ ಜೋರಾಗಿ ಅತ್ತಳು. ಪಕ್ಕದವರು ನಗುತ್ತಲೇ ಆಕೆಯ ಬೆನ್ನು ಸವರಿದರು.

ಖಾನಾವಳಿಗೆ ಏನೂ ಆಗಲಿಲ್ಲ. ಗಿರಾಕಿಗಳು ಹೆಚ್ಚಾದರು, ಬೋರ್ಡಿನ ಮೇಲೆ ಕ್ಯಾಪ್ಟನ್ ಎಂಬುದು ಹಾಗೇ ಉಳಿಯಿತು. ಆಕೆ ಈಗ ಗಲ್ಲಾದ ಮೇಲೆ ಕೂಡ್ರುತ್ತಿದ್ದಳು, ಒಲೆಯ ಮುಂದೆ ತಂಗಿ.

ಮೂರು ವರ್ಷದ ಮೇಲೆ ಮೇಸ್ತ್ರಿ ಹೋದ. ಕಾಮಾಲೆ. ಯಾವ ಡಾಕ್ಟರ ಮಾತನ್ನೂ ಕೇಳದ ರೋಗಿ ಅವನು, ಕೊನೆಯ ದಿನವೂ ನನಗೆ, "ನೀ ಪಂಪ್ ಬಿಟ್ಟ್ ಯಾಕ ಬಂದಿ? ಊರಿಗೆ ನೀರ್ ಬರಬಾರ್ದಂತ ಮಾಡಿಯೇನು?" ಎಂದ. ಶೋಕಸಭೆ ಗೀಕಸಭೆ ಆಗಲಿಲ್ಲ. ಮಧ್ಯಾಹ್ನದ ನಮಾಜಾದ ಮೇಲೆ ಕಬರಸ್ತಾನದಲ್ಲಿ ಅವನ ತಮ್ಮಂದಿರ ಜೊತೆ ನಾನೂ ಮೂರು ಮುಷ್ಟಿ ಮಣ್ಣು ಹಾಕಿದೆ.

ಅಲ್ಲಿಂದ ಸೀದಾ ಖಾನಾವಳಿಗೆ ನಡೆದೆ. ಗಿರಾಕಿಗಳು ಉಂಡು ಹೋಗಿದ್ದರು. ಆಕೆ ನನ್ನ ಹಿಂದೆ ಬಾಗಿಲ ಕಡೆ ನೋಡಿ, "ಮೇಸ್ತ್ರಿಯವರು ಎಲ್ಲಿ?" ಎಂದಳು. ಹೇಳಿದೆ. ಆಕೆ ಗಲ್ಲಾದಿಂದ ಇಳಿದು ಬಂದು ನನ್ನೆದುರಿನ ಬೆಂಚಿನ ಮೇಲೆ ಕೂತಳು. ಅಷ್ಟು ವರ್ಷದಲ್ಲಿ ಆಕೆ ಗಿರಾಕಿಯ ಬೆಂಚಿನ ಮೇಲೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಅವರ ಸುದ್ದಿ ನನಗ ಏನೂ ಗೊತ್ತಿಲ್ಲ ನೋಡ್ರಿ. ಬರ್ತಿದ್ರು, ಉಣ್ತಿದ್ರು, ಬೈತಿದ್ರು. ಹೇಳ್ರಿ."

ನಾನು ಬಾಯ್ಲರ್ ಕೋಣೆಯಿಂದ ಸುರು ಮಾಡಿದೆ. ಆ ಸೆಕೆಯಲ್ಲಿ ಮೇಸ್ತ್ರಿ ಬರೀ ಚಡ್ಡಿಯಲ್ಲಿ ನಿಂತು ಹಾಡುತ್ತಿದ್ದುದನ್ನೂ, ಆ ಹಾಡಿಗೆ ಹೆದರಿ ಇಂಗ್ಲಿಷ್ ಅಧಿಕಾರಿ ಏಣಿ ಇಳಿಯದೆ ಹೋದದ್ದನ್ನೂ ಹೇಳಿದೆ. ಆಕೆ ಮೊಳಕೈ ಊರಿ ಕೇಳುತ್ತಿದ್ದಳು. ಒಳಗಿಂದ ತಂಗಿಯೂ ಬಂದು ಬಾಗಿಲಿಗೆ ಆತು ನಿಂತಳು.