ಹನ್ನೊಂದು ಸೆಕೆಂಡಿನ ವಿಡಿಯೊ

ಮಳೆ ಹಿಡಿಯುವ ಹಿಂದಿನ ದಿನ ನಮ್ಮ ಯಜಮಾನರು ಫ್ಯಾನ್ ಒರೆಸಿದರು. ಹಳೆಯ ದಿಂಬಿನ ಕವರನ್ನು ಒಂದೊಂದೇ ರೆಕ್ಕೆಗೆ ತೊಡಿಸಿ ಮೆಲ್ಲಗೆ ಎಳೆಯುವುದು ಅವರ ಪದ್ಧತಿ. ಧೂಳು ಕವರಿನೊಳಗೇ ಉಳಿಯುತ್ತದೆ ಎನ್ನುತ್ತಿದ್ದರು. ನಾನು ಸ್ಟೂಲು ಹಿಡಿದು ನಿಂತಿದ್ದೆ.

"ಆದ್ರೂ ನನ್ನ ಕಾಫಿಗೆ ಬಿತ್ತು ನೋಡಿ."

"ಚಿಕೋರಿ ಅಂದ್ಕೊಂಡು ಕುಡಿ," ಅಂದರು.

ಸಂಜೆ ಕೆಳಗಿಳಿದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಒಂದು ಗಂಟೆ ಕೂತು ಬಂದರು. ಇನ್ಶೂರೆನ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಅದೇ ಅವರ ಆಫೀಸು. ಆಮೇಲೆ ಅವರು ಆ ಕಟ್ಟೆಯ ಮೇಲೆ ಕೂತಿದ್ದನ್ನು ನಾನು ನೋಡಲಿಲ್ಲ.

ನಾವಿರುವ ವೇಲಚೇರಿಯಲ್ಲಿ ನೀರು ನಿಲ್ಲುವುದು ಹೊಸದಲ್ಲ. ಆ ಸಲ ನೆಲಮಹಡಿಯ ಮನೆಗಳೊಳಗೆ ನುಗ್ಗಿತು. ಎರಡನೆಯ ದಿನ ನಮ್ಮ ಗ್ಯಾಸೂ ಮುಗಿಯಿತು. ಮೂರನೆಯ ದಿನ ಬೆಳಿಗ್ಗೆ ಮೇಲಿನ ಮನೆಯ ನರ್ಸ್ ಹುಡುಗಿ ಫೋನ್ ಮಾಡಿದಳು. ಪೋರೂರಿನ ಆಸ್ಪತ್ರೆಯಲ್ಲಿ ಡ್ಯೂಟಿಗೆ ಹೋದವಳು ಅಲ್ಲೇ ಸಿಕ್ಕಿಕೊಂಡಿದ್ದಳು. ಅವಳ ಮನೆಗೆ ಹೊರಗಿನಿಂದ ಬೀಗ. ಒಂದು ಕೀಲಿಕೈ ಯಾವಾಗಲೂ ನಮ್ಮ ಹತ್ತಿರ ಇರುತ್ತಿತ್ತು.

ಆ ಬೀಗದೊಳಗೆ ಅವಳ ತಂಗಿ ಇದ್ದಳು. ಗಂಡನ ಹೊಡೆತ ತಾಳಲಾರದೆ ಓಡಿಬಂದು ವಾರವಾಗಿತ್ತು. ಅವನು ಗೊತ್ತಿದ್ದವರನ್ನೆಲ್ಲ ವಿಚಾರಿಸುತ್ತ ಹುಡುಕುತ್ತಿದ್ದ. ನರ್ಸ್ ಒಬ್ಬಳೇ ಇರುವುದೆಂದು ಫ್ಲಾಟಿನವರೆಲ್ಲರ ಲೆಕ್ಕ. "ಅಂಕಲ್, ಯಾರುಕ್ಕುಂ ತೆರಿಯಕ್ಕೂಡಾದು," ಎಂದಳಂತೆ, ಯಾರಿಗೂ ತಿಳಿಯಬಾರದು ಎಂದು. ಇವರು "ತೆರಿಯಾದುಮ್ಮ," ಎಂದು ಮಾತು ಕೊಟ್ಟರು.

ಮಧ್ಯಾಹ್ನ ಮೊದಲ ಮಹಡಿಯ ಮೆಟ್ಟಿಲ ಬಳಿ ಊಟದ ಪೊಟ್ಟಣ ಹಂಚಿದರು. ತಲೆಗೊಂದು. ಅಸೋಸಿಯೇಷನ್ ಸೆಕ್ರೆಟರಿ ಪಟ್ಟಿ ಹಿಡಿದು ನಿಂತಿದ್ದರು. ಇವರು ಎರಡು ತೆಗೆದುಕೊಂಡು ಅಲ್ಲೇ ನಿಂತರು.

"ಸಾರ್, ನೀಂಗ ರೆಂಡು ಪೇರ್ ದಾನೆ?" ನೀವು ಇಬ್ಬರೇ ಅಲ್ಲವೇ ಎಂದು ಸೆಕ್ರೆಟರಿ ಕೇಳಿದರು.

"ಆಮಾಂ... ಇನ್ನೊಂದು ಕುಡುಂಗಪ್ಪಾ."

ಮೂವತ್ತು ವರ್ಷ ಈ ಊರಿನಲ್ಲಿದ್ದರೂ ಗಾಬರಿಯಾದರೆ ಅವರ ತಮಿಳಿನ ಮಧ್ಯೆ ಮೈಸೂರು ಬಂದುಬಿಡುತ್ತಿತ್ತು. ಸೆಕ್ರೆಟರಿ ಮುಖ ನೋಡಿ ಇನ್ನೊಂದು ಕೊಟ್ಟರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಮೂರನೆಯದು ಯಾರಿಗೆ ಎಂದು ಯಾರಾದರೂ ಕೇಳಿಯಾರು ಎಂದು ಹೆದರಿ, ಹೆಗಲ ಮೇಲಿನ ಟವೆಲಿನ ಕೆಳಗೆ ಮುಚ್ಚಿಕೊಂಡರು. ಹಿಂದೆ ನಿಂತಿದ್ದ ಯಾರೋ ಅಷ್ಟನ್ನೂ ಫೋನಿನಲ್ಲಿ ಹಿಡಿದರು. ಹನ್ನೊಂದು ಸೆಕೆಂಡು.

ನೀರು ಇಳಿಯುವ ಮೊದಲೇ ಅದು ಫ್ಲಾಟಿನ ಗ್ರೂಪಿಗೆ ಬಂತು, ಅಲ್ಲಿಂದ ಏರಿಯಾದ ಯಾವುದೋ ಪೇಜಿಗೆ ಹೋಯಿತು. 'ಪೆನ್ಷನ್ ವಾಂಗರವರುಕ್ಕೇ ಇವ್ವಳವು ಪಸಿಯಾ' ಎಂದು ಮೇಲೆ ಬರೆದಿದ್ದರು. ಪಿಂಚಣಿದಾರನಿಗೇ ಇಷ್ಟು ಹಸಿವೇ ಎಂದು. ಲಿಫ್ಟಿನಲ್ಲಿ ಒಬ್ಬರು "ಸಾರ್, ಇನ್ನೊಂದು ವೇಣುಮಾ?" ಎಂದು, ಬೇಕೇ ಎಂದು, ಇವರ ಮಾತನ್ನೇ ಅಣಕಿಸಿ ಕೇಳಿ ತಾವೇ ನಕ್ಕರು. ಮದುವೆಗೆ ಮುಂಚೆ ತ್ರಿಪ್ಲಿಕೇನ್ ಮೆಸ್ಸಿನಲ್ಲಿ ಇವರ ಜೊತೆ ಊಟ ಮಾಡುತ್ತಿದ್ದ ಹಳೆಯ ಗೆಳೆಯರೊಬ್ಬರಿಗೂ ತಲುಪಿತು. "ಆಗ್ಲೂ ಎರಡು ಸಲ ಸಾಂಬಾರ್ ಹಾಕಿಸ್ಕೋತಿದ್ದೆಯಲ್ಲೋ, ಇನ್ನೂ ಬುದ್ಧಿ ಬಂದಿಲ್ವಾ?" ಎಂದು ಬರೆದಿದ್ದರು. ಅವರದು ತಮಾಷೆಯೇ.

ಮಗಳು ಫೋನ್ ಮಾಡಿದಳು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ತಮಿಳಿನಲ್ಲಿ ಹೇಳುತ್ತಾಳೆ, ಮೊದಲಿಂದಲೂ ಹಾಗೆ. "ವಿಡುಂಗಪ್ಪಾ, ರೆಂಡು ನಾಳ್ಲ ಮರಂದುಡುವಾಂಗ," ಎಂದಳು. ಎರಡು ದಿನದಲ್ಲಿ ಯಾರೂ ಮರೆಯಲಿಲ್ಲ.

"ರೀ, ಸೆಕ್ರೆಟರಿ ಒಬ್ಬರಿಗಾದ್ರೂ ನಿಜ ಹೇಳ್ತೀನಿ," ಎಂದೆ.

"ಅವರಿಗೆ ಹೇಳಿದ್ರೆ ಗ್ರೂಪಿಗೆ ಹೇಳಿದ ಹಾಗೆ."

"ಹಾಗಂತ ಕಳ್ಳ ಅನ್ನಿಸ್ಕೊಂಡು ಕೂತಿರ್ತೀರಾ?"

"ಆ ಹುಡುಗಿ ಇರೋ ಜಾಗ ಊರಿಗೆಲ್ಲ ತೋರ್ಸಿ ನನ್ನ ಮರ್ಯಾದೆ ಉಳಿಸ್ಕೋಬೇಕಾ? ಸುಮ್ನಿರು."

ಸುಮ್ಮನಿದ್ದೆ. ಆದರೆ ಮನೆಮನೆಗೆ ಹೋಗಿ ಕೇಳಿಕೊಂಡೆ. ಕಾರಣ ಹೇಳಲಿಲ್ಲ, ಅದನ್ನು ತೆಗೆದುಬಿಡಿ ಎಂದಷ್ಟೇ ಹೇಳಿದೆ. ಸೆಕ್ರೆಟರಿಯನ್ನು ಹಿಡಿದು ಪೇಜಿನಿಂದ ತೆಗೆಸಿದೆ, ತ್ರಿಪ್ಲಿಕೇನ್ ಗೆಳೆಯರಿಗೆ ಫೋನ್ ಮಾಡಿದೆ. ಇವರು ಸ್ನಾನಕ್ಕೆ ಹೋಗಿದ್ದಾಗ ಇವರ ಫೋನಿನಲ್ಲಿದ್ದುದನ್ನೂ ಅಳಿಸಿದೆ, ನನ್ನದರಲ್ಲಿದ್ದುದನ್ನೂ. ಹದಿನೈದು ದಿನದಲ್ಲಿ ಅದು ಎಲ್ಲೂ ಉಳಿಯಲಿಲ್ಲ. ನನಗೆ ದೊಡ್ಡ ಕೆಲಸ ಮಾಡಿದಂತೆ ಅನ್ನಿಸಿತ್ತು. ಇವರು ಮಾತ್ರ ಕಟ್ಟೆಗೆ ಹೋಗಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜಲು ಎದ್ದವರು ತಿರುಗಿ ಮಂಚದ ಮೇಲೆ ಕೂತರು. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಹೃದಯ ಎಂದರು. ವಿಡಿಯೊದಿಂದ ಸತ್ತರು ಎಂದು ನಾನು ಹೇಳಲಾರೆ, ನನಗೆ ಗೊತ್ತಿಲ್ಲ. ಅದೇ ಗ್ರೂಪಿನಲ್ಲಿ ಅದೇ ಜನ ಸಾಲಾಗಿ ಕೈಮುಗಿಯುವ ಚಿತ್ರ ಹಾಕಿದರು. ನೋಡಿದೆ. ಏನೂ ಅನ್ನಿಸಲಿಲ್ಲ.

ನರ್ಸ್‌ನ ತಂಗಿ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಹದಿಮೂರನೆಯ ದಿನದ ಊಟ ಮುಗಿದು ನೆಂಟರು ಹೊರಟ ಮೇಲೆ ಮಗಳು ಕೇಳಿದಳು: "ಅಮ್ಮಾ, ಅಪ್ಪಾ ವಾಯ್ಸ್ ಎಂಗಯಾವದು ಇರುಕ್ಕಾ?"

ಅವರ ದನಿ ಎಲ್ಲಾದರೂ ಇದೆಯೇ ಎಂದು ಇಬ್ಬರೂ ಹುಡುಕಿದೆವು. ಅವರು ವಾಯ್ಸ್ ಮೆಸೇಜ್ ಕಳಿಸಿದವರಲ್ಲ, ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ಮಗಳ ಮದುವೆಯ ವಿಡಿಯೊದಲ್ಲಿ ಅವರ ಬಾಯಿ ಆಡುತ್ತದೆ, ಆದರೆ ಅದರ ಮೇಲೆ ಉದ್ದಕ್ಕೂ ಹಾಡು ಕೂರಿಸಿದ್ದಾರೆ. ಮೊಮ್ಮಗಳ ಹುಟ್ಟುಹಬ್ಬದಲ್ಲಿ ಫೋನ್ ಹಿಡಿದಿದ್ದವರು ಅವರೇ. ತೆಗೆಯುವಾಗ ಕೈ ಅಲುಗೀತೆಂದು ಉಸಿರೂ ಬಿಡುತ್ತಿರಲಿಲ್ಲ. ಆಗ ನನಗೆ ಆ ಹನ್ನೊಂದು ಸೆಕೆಂಡು ನೆನಪಾಯಿತು, ಅದರಲ್ಲಿ ಅವರು 'ಇನ್ನೊಂದು ಕುಡುಂಗಪ್ಪಾ' ಎಂದದ್ದು ಕೇಳಿಸುತ್ತಿತ್ತು.

ಸೆಕ್ರೆಟರಿಯ ಮನೆಗೆ ಹೋಗಿ ಕೇಳಿದೆ. ಅವರು ನಾನು ಪರೀಕ್ಷೆ ಮಾಡಲು ಬಂದಿದ್ದೇನೆಂದುಕೊಂಡರು. "ಸತ್ತಿಯಮಾ ಇಲ್ಲ ಮಾಮಿ, ಎಲ್ಲಾರುಂ ಡಿಲೀಟ್ ಪಣ್ಣಿಟ್ಟಾಂಗ," ಎಂದು, ನಿಜವಾಗಿಯೂ ಎಲ್ಲರೂ ಅಳಿಸಿದ್ದಾರೆ ಎಂದು, ತಮ್ಮ ಫೋನನ್ನೇ ನನ್ನ ಕೈಗೆ ಕೊಟ್ಟರು. ನನಗೇ ಬೇಕು ಎಂದು ಬಿಡಿಸಿ ಹೇಳಿದ ಮೇಲೆ ಗ್ರೂಪಿನಲ್ಲೂ ಕೇಳಿ ನೋಡಿದರು. ಯಾರ ಹತ್ತಿರವೂ ಇರಲಿಲ್ಲ. ತ್ರಿಪ್ಲಿಕೇನ್ ಗೆಳೆಯರು, "ನೀವು ಹೇಳಿದ ದಿನವೇ ತೆಗ್ದುಬಿಟ್ಟೆ ಅತ್ತಿಗೆ," ಎಂದರು.

ಮೊನ್ನೆ ಫ್ಯಾನ್ ನಾನೇ ಒರೆಸಿದೆ. ಚಿಕೋರಿ ಅಂದ್ಕೊಂಡು ಕುಡಿ ಎಂದದ್ದು ನೆನಪಿದೆ. ಹೇಗೆ ಎಂದರು ಎಂಬುದನ್ನು ಕಿವಿಗೆ ತಂದುಕೊಳ್ಳಲು ಆಗುತ್ತಿಲ್ಲ. ಅವರ ದನಿ ನಮ್ಮ ಹತ್ತಿರ ಇಲ್ಲ.