ದೇವರಿಗೂ ಸ್ಪಿರಿಟ್ ಹಚ್ಚಿದ ಫಿರದೋಸ್ ಸಿಸ್ಟರ್

ಬೈಲಹೊಂಗಲದ ಆ ಖಾಸಗಿ ದವಾಖಾನೆಯ ಐಸಿಯು ಬಾಗಿಲಲ್ಲಿ ಫಿರದೋಸ್ ಸಿಸ್ಟರ್ ನಿಂತಳೆಂದರೆ ಸೊಳ್ಳೆ ಕೂಡ ಕೈ ತೊಳೆದುಕೊಂಡೇ ಒಳಗೆ ಹೋಗಬೇಕು ಎಂದು ನಮ್ಮ ಕಡೆಯ ಮಂದಿ ಆಡಿಕೊಳ್ಳುತ್ತಾರೆ. ಹಾಗೆ ಆಡಿಕೊಳ್ಳುವವರಲ್ಲಿ ಅವಳಿಂದ ಬೈಸಿಕೊಂಡವರೂ ಇದ್ದಾರೆ, ಅವಳ ಕೈಯಲ್ಲಿ ಬದುಕಿದವರೂ ಇದ್ದಾರೆ. ನಮ್ಮೂರಿನ ಲಕ್ಕಪ್ಪನ ಮನೆಯವರದು ಎರಡೂ ಆಗಿದೆ.

ಫಿರದೋಸ್ ಮನೋಳಿಯವಳು. ಅಪ್ಪ ಟಿಪ್ಪುಸಾಬ ಟೆಂಪೊ ಓಡಿಸುತ್ತಿದ್ದ. ಹುಣ್ಣಿಮೆ ಬಂತೆಂದರೆ ಸುತ್ತಲಿನ ಹಳ್ಳಿಗಳ ಮಂದಿಯನ್ನು ಜೋಳದ ಚೀಲದ ಹಾಗೆ ಒತ್ತಿ ತುಂಬಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಒಯ್ಯುವುದು, ತಿರುಗಿ ತಂದು ಅವರವರ ಊರಲ್ಲಿ ಸುರಿಯುವುದು. ಮಂದಿ ಇಳಿದು ಹೋಗುತ್ತಿದ್ದರು, ಅವರು ತೂರಿದ ಭಂಡಾರ ಮಾತ್ರ ಗಾಡಿ ಬಿಟ್ಟು ಇಳಿಯುತ್ತಿರಲಿಲ್ಲ. ಆ ಅರಿಷಿಣದ ಪುಡಿ ಸೀಟಿನ ಹೊಲಿಗೆಯಲ್ಲಿ, ಕಿಟಕಿಯ ರಬ್ಬರಿನಲ್ಲಿ, ಹಾರ್ನಿನ ಬಾಯಲ್ಲಿ ಹೋಗಿ ಕೂತಿರುತ್ತಿತ್ತು. ಮರುದಿನ ಅದನ್ನೆಲ್ಲ ಕೆರೆದು ಒರೆಸುವ ಕೆಲಸ ಮಗಳದು. ಯಾವ ಸಂದಿಯಲ್ಲಿ ಏನು ಅಡಗುತ್ತದೆ ಎಂಬ ವಿದ್ಯೆ ಅವಳಿಗೆ ನರ್ಸಿಂಗ್ ಕಾಲೇಜಿಗಿಂತ ಮೊದಲೇ ಆ ಟೆಂಪೊದಲ್ಲಿ ಬಂತು ಎಂಬುದು ನನ್ನ ತೀರ್ಮಾನ. ಅವಳನ್ನು ಕೇಳಿದರೆ ಟೆಂಪೊದಿಂದ ತನಗೆ ಬಂದದ್ದು ಸೊಂಟನೋವು ಒಂದೇ ಎನ್ನುತ್ತಾಳೆ.

ಬೆಳಗಾವಿಯಲ್ಲಿ ಕಲಿತು ಬಂದು ಅವಳು ಇಲ್ಲಿಯ ಐಸಿಯು ವಹಿಸಿಕೊಂಡಾಗ ಒಂದು ವಿಚಿತ್ರ ನಡೆದಿತ್ತು. ಒಂದು ಜಡ್ಡಿಗೆ ಬಂದವರು ಅದು ವಾಸಿಯಾಗುವ ಹೊತ್ತಿಗೆ ಅಲ್ಲಿಯದೇ ಹೊಸ ಜ್ವರ ಹಿಡಿದು ಮಲಗುತ್ತಿದ್ದರು. ಒಬ್ಬರ ಮೈಯ ಕ್ರಿಮಿ ಇನ್ನೊಬ್ಬರ ಮೈಗೆ ನಡೆದು ಹೋಗುವುದಿಲ್ಲ, ಯಾರದೋ ಕೈ ಹಿಡಿದುಕೊಂಡೇ ಹೋಗಬೇಕು. ಆದ್ದರಿಂದ ಅವಳು ಕೈಗಳ ಬೆನ್ನು ಹತ್ತಿದಳು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆಯದ ನರ್ಸನ್ನು ಎಲ್ಲರೆದುರೇ ಹೆಸರು ಹಿಡಿದು ಕೂಗುತ್ತಿದ್ದಳು. ದವಾಖಾನೆಯ ಮಾಲೀಕ ಡಾಕ್ಟರ್ ಕಾಂತೇಶರನ್ನೂ ಬಿಡಲಿಲ್ಲ. ಅವರ ಬೆರಳಲ್ಲಿ ಶನಿಕಾಟಕ್ಕೆಂದು ಹಾಕಿದ ನೀಲದ ಉಂಗುರವಿತ್ತು. ಇದನ್ನು ತೆಗೆಯುವಂತಿಲ್ಲ, ಶನಿ ಹೆಗಲೇರುತ್ತಾನೆ ಎಂದರು ಅವರು.

"ಹೊರಗ ಡಬ್ಬ್ಯಾಗ ಇಟ್ಟ ಬರ್ರಿ ಸರ್," ಎಂದಳಂತೆ. "ಶನಿ ಅಲ್ಲೇ ಕಾಯತಾನ. ಅವಂಗೇನ ಬ್ಯಾರೆ ಡ್ಯೂಟಿ ಐತಿ?"

ಡಾಕ್ಟರರು ತೆಗೆದಿಟ್ಟರು. ಕೈಗಳು ಶುದ್ಧವಾದವು, ಜ್ವರ ಇಳಿಯತೊಡಗಿತು. ಆದರೆ ಡಾಕ್ಟರರನ್ನು ಬಗ್ಗಿಸಿದಷ್ಟು ಸುಲಭವಾಗಿ ನಮ್ಮಂಥ ಹಳ್ಳಿಯವರನ್ನು ಬಗ್ಗಿಸಲಾಗುವುದಿಲ್ಲ.

ನಮ್ಮಲ್ಲಿ ಒಬ್ಬ ದವಾಖಾನೆ ಸೇರಿದನೆಂದರೆ ಊರೆಲ್ಲ ಹೋಗಿ ಮಾತಾಡಿಸಿ ಬರಬೇಕು. ಸುಮ್ಮನೆ ನೋಡಿದರೆ ಮಾತಾಡಿಸಿದಂತಲ್ಲ. ಹಣೆ ಮುಟ್ಟಬೇಕು, ಕೈ ಒತ್ತಬೇಕು, ಇದೇ ಜಡ್ಡಿನಲ್ಲಿ ಸತ್ತ ಇನ್ನೊಬ್ಬನ ಕಥೆಯನ್ನು ರೋಗಿಗೆ ಸವಿಸ್ತಾರವಾಗಿ ಹೇಳಬೇಕು. ಹೋಗದವನ ಹೆಸರು ಊರಿನ ನೆನಪಿನಲ್ಲಿ ಉಳಿಯುತ್ತದೆ. ನಾಳೆ ಅವನ ಮಗಳ ಮದುವೆಗೆ ಬಂದವರು ಊಟ ಮುಗಿಸಿದ ಮೇಲೂ ಅದನ್ನೇ ಎತ್ತಿ ಆಡುತ್ತಾರೆ.

ಲಕ್ಕಪ್ಪನ ಮೇಲೆ ಕಬ್ಬಿನ ಟ್ರೇಲರ್ ಮಗುಚಿ ಪಕ್ಕೆಲುಬು ಮುರಿದವು, ಪುಪ್ಪುಸಕ್ಕೆ ಪೆಟ್ಟಾಯಿತು. ಬಾಯಲ್ಲಿ ನಳಿಗೆ ಇಳಿಸಿ ಉಸಿರಿನ ಮಷಿನ್‌ಗೆ ಹಚ್ಚಿದರು. ಔಷಧಕ್ಕೆಂದು ಕುತ್ತಿಗೆಯಲ್ಲಿ ಇನ್ನೊಂದು ನಳಿಗೆ. ಹೊಸ ಜ್ವರ ಒಂದು ಬರದಿದ್ದರೆ ಬೇಗ ಮಷಿನ್ ಬಿಡಿಸಬಹುದು, ಬಂದರೆ ಆ ಪುಪ್ಪುಸ ತಡೆಯುವುದಿಲ್ಲ ಎಂದರು ಡಾಕ್ಟರ್ ಕಾಂತೇಶ. ನಾವು ಇದನ್ನು ಕೇಳಿ ತಲೆಯಾಡಿಸಿ ಎರಡು ಟೆಂಪೊ ಮಾಡಿಕೊಂಡು ಮಾತಾಡಿಸಲು ಹೋದೆವು.

ಬಾಗಿಲಲ್ಲಿ ಫಿರದೋಸ್ ಇದ್ದಳು. ಲಕ್ಕಪ್ಪನ ಹೆಂಡತಿ ಇಂದ್ರವ್ವ ಒಬ್ಬಳನ್ನೇ ಒಳಗೆ ಬಿಡುತ್ತಿದ್ದಳು. ಉಳಿದವರೆಲ್ಲ ಹೊರಗೆ ಬೇವಿನ ಗಿಡದ ಕೆಳಗೆ ಕೂತು ದವಾಖಾನೆಯ ಮರ್ಯಾದೆ ತೆಗೆದೆವು. ಅದರಲ್ಲಿ ನನ್ನ ಪಾಲೂ ಕಡಿಮೆಯದಲ್ಲ.

ಲಕ್ಕಪ್ಪನ ಅಕ್ಕ ಬಾಯವ್ವ ಮಾತ್ರ ಬಾಯಿ ಹಾಕಲಿಲ್ಲ. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಹಿಂದಿನ ಬಾಗಿಲಿನಿಂದ ಬಟ್ಟೆಯ ಗಂಟುಗಳು ಒಳಗೆ ಹೋಗುವುದನ್ನು ನೋಡಿ, ತಾನೂ ಒಂದು ಗಂಟು ತಲೆಯ ಮೇಲೆ ಹೊತ್ತು, ಸೆರಗು ಎಳೆದುಕೊಂಡು, ದವಾಖಾನೆಯ ಆಯಾಳ ಹಾಗೆ ನಡೆದೇಬಿಟ್ಟಳು. ತಮ್ಮನ ಹಣೆಗೆ ಯಲ್ಲಮ್ಮನ ಭಂಡಾರ ಹಚ್ಚಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಕುತ್ತಿಗೆಯಲ್ಲಿ ಪಟ್ಟಿ ಕಂಡಿತು. ಗಾಯ ಕಂಡರೆ ಅರಿಷಿಣ ಒತ್ತುವುದು ಅವಳ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಪಟ್ಟಿಯ ಅಂಚು ಬಿಚ್ಚಿ, ನಳಿಗೆ ಒಳಹೊಕ್ಕ ಜಾಗದಲ್ಲಿ ಭಂಡಾರ ತುಂಬಿ, ಮತ್ತೆ ಅಂಟಿಸಿ ಬಂದಳು.

ಫಿರದೋಸ್ ಕಣ್ಣಿಗೆ ಆ ಹಳದಿ ಬೀಳಲು, ಅದು ಯಾರ ಕೈಕೆಲಸವೆಂದು ಗೊತ್ತಾಗಲು ಹೊತ್ತಾಗಲಿಲ್ಲ. ನಳಿಗೆ ತೆಗೆಸಿ ಇನ್ನೊಂದು ಕಡೆ ಹಾಕಿಸಿದಳು. ಆದರೂ ಮರುದಿನ ಜ್ವರ ಏರಿತು. ಮಷಿನ್ ಬಿಡಿಸುವ ಮಾತು ನಿಂತಿತು. ಡಾಕ್ಟರ್ ಕಾಂತೇಶ ಸಿಟ್ಟಿಗೆದ್ದು, ಆ ಮುದುಕಿ ಕಾಂಪೌಂಡಿನೊಳಗೂ ಕಾಲಿಡಬಾರದು ಎಂದರು.

ಫಿರದೋಸ್ ಹೊರಗೆ ಬಂದು ಮೆಟ್ಟಿಲ ಮೇಲೆ ಬಾಯವ್ವನ ಪಕ್ಕ ಕೂತಳು. ಇನ್ನು ಮುದುಕಿಯ ಗತಿ ಮುಗಿಯಿತೆಂದು ನಾವು ಹತ್ತಿರ ಸರಿದೆವು. ಚೆನ್ನಾಗಿ ಕೇಳಿಸಬೇಕಲ್ಲ.

"ಜ್ವರ ನಿಮ್ಮ ಭಂಡಾರದಿಂದ ಬಂತೋ, ನಮ್ಮವರ ಕೈಯಿಂದ ಬಂತೋ ನನಗ ಗೊತ್ತಿಲ್ಲ ಆಯಿ. ಕ್ರಿಮಿ ತಮ್ಮ ಊರ ಹೆಸರ ಹೇಳಿ ಬರೂದಿಲ್ಲ. ಆದ್ರ ಇನ್ನೊಮ್ಮಿ ಹಿಂಗ ಆದ್ರ ನಿಮ್ಮ ತಮ್ಮ ಉಳಿಯೂದಿಲ್ಲ."

"ದೇವಿ ಭಂಡಾರದಾಗ ಕ್ರಿಮಿ ಇರತಾವನ?" ಎಂದಳು ಬಾಯವ್ವ. "ನಿಮ್ಮವರಿಗೇನ ಗೊತ್ತ ಭಂಡಾರ ಅಂದ್ರ."

"ನಮ್ಮಪ್ಪನ ಟೆಂಪೊ ಸೀಟ್ ಒರಸಿ ಒರಸಿ ನನ್ನ ಉಗುರ ಹಳದಿ ಆಗಿದ್ದುವು. ಗುಡ್ಡದಾಗಿಂದ ದೇವಿ ಚಲೋನ ಕೊಟ್ಟಿರತಾಳ. ನೀವು ಅದನ್ನ ಎಲಿ ಅಡಕಿ ಸಂಚ್ಯಾಗ ತಂಬಾಕದ ಜೋಡಿ ಮಲಗಿಸಿ ತಂದೀರಿ."

ಬಾಯವ್ವ ಸಂಚಿಯನ್ನು ಸೊಂಟಕ್ಕೆ ಒತ್ತಿ ಹಿಡಿದಳು.

"ಹಂಗಾರ ಹೊರಗ ಕುಂತ ಏನ ಮಾಡ್ಲಿ ಯವ್ವಾ? ಹುಟ್ಟಿದಾಗಿಂದ ಅಂವನ ಮೈಮ್ಯಾಲ ಈ ಕೈ ಆಡ್ಯಾವು."

ಫಿರದೋಸ್ ಎದ್ದಳು. ಒಳಗೆ ಹೋಗಿ ಡಾಕ್ಟರರೊಡನೆ ಬಹಳ ಹೊತ್ತು ಜಗಳಾಡಿದಳು ಎಂದು ಆಮೇಲೆ ಇಂದ್ರವ್ವ ಹೇಳಿದಳು. ಬಾಗಿಲು ಹಾಕಿದರೆ ಮುದುಕಿ ಕಿಟಕಿ ಹುಡುಕುತ್ತಾಳೆ, ಅದಕ್ಕಿಂತ ಆ ಕೈಗಳಿಗೆ ಒಂದು ಕೆಲಸ ಕೊಡೋಣ ಎಂಬುದು ಫಿರದೋಸ್ ವಾದ. ತಿರುಗಿ ಬಂದಾಗ ಅವಳ ಕೈಯಲ್ಲಿ ಗುಳಿಗೆ ಕಟ್ಟಿಕೊಡುವ ಸಣ್ಣ ಪ್ಲಾಸ್ಟಿಕ್ ಕವರಿತ್ತು. ಬಾಯವ್ವನಿಂದಲೇ ಅದರಲ್ಲಿ ಭಂಡಾರ ಹಾಕಿಸಿದಳು, ಕವರಿನ ಬಾಯಿ ಮುಚ್ಚಿದಳು, ಹೊರಮೈಗೆಲ್ಲ ಸ್ಪಿರಿಟ್ ಹಚ್ಚಿ ಒರೆಸಿದಳು.

"ದೇವಿಗೆ ಉಸಿರ ಕಟ್ಟೂದಿಲ್ಲೇನ?" ಎಂದಳು ಬಾಯವ್ವ.

"ಬಾಜೂಕ ಉಸಿರಿನ ಮಷಿನ್ ಐತೆಲ್ಲ ಆಯಿ."

ಮುದುಕಿ ನಕ್ಕಳು. ನಗಬಾರದಿತ್ತೆಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಆ ಕವರು ಲಕ್ಕಪ್ಪನ ಕಾಲ ಕಡೆಯ ಕಂಬಕ್ಕೆ, ಅವನು ಕಣ್ಣು ತೆರೆದರೆ ಕಾಣುವಂತೆ ನೇತುಬಿತ್ತು. ಬಾಯವ್ವನಿಗೆ ಸಂಚಿ ಹೊರಗಿಟ್ಟು, ಬಳೆ ಮೇಲೆ ಸರಿಸಿ ಮೊಳಕೈವರೆಗೆ ಸೋಪು ಹಚ್ಚಿ ತೊಳೆದು, ಮೇಲಂಗಿ ತೊಟ್ಟು, ದಿನಕ್ಕೊಮ್ಮೆ ಒಳಗೆ ಹೋಗಿ ತಮ್ಮನ ಅಂಗಾಲು ತಿಕ್ಕುವ ಅಪ್ಪಣೆ ಸಿಕ್ಕಿತು. ಮೊಣಕಾಲಿನ ಮೇಲೆ ಕೈ ಹೋಗುವಂತಿಲ್ಲ. ಪಕ್ಕದ ಹಾಸಿಗೆಯವರು ಇದನ್ನು ನೋಡಿದರು. ಒಬ್ಬರು ವಿಭೂತಿ ತಂದರು, ರಾಮದುರ್ಗದ ಮದರಬಿ ಎಂಬವಳು ದರ್ಗಾದ ಊದಿ, ಅಂದರೆ ಧೂಪದ ಬೂದಿ, ತಂದಳು. ಎಲ್ಲ ದೇವರೂ ಕವರಿನಲ್ಲಿ ಕೂತರು. ಬೆಳಿಗ್ಗೆ ಸಿಬ್ಬಂದಿ ಬಂದು ಮಷಿನ್, ಮಂಚದ ಕಂಬಿ, ದೇವರು ಎಂಬ ಭೇದವಿಲ್ಲದೆ ಎಲ್ಲವನ್ನೂ ಸ್ಪಿರಿಟ್‌ನಿಂದ ಒರೆಸುತ್ತಿದ್ದರು. ಯಾವ ದೇವರೂ ತಕರಾರು ಮಾಡಿದ ಸುದ್ದಿ ಇಲ್ಲ.

ಲಕ್ಕಪ್ಪನ ಜ್ವರ ಮಾತ್ರ ಹಟ ಹಿಡಿದಿತ್ತು. ಔಷಧ ಬದಲಾಯಿತು. ಇಂದ್ರವ್ವ ಊಟ ಬಿಟ್ಟಳು. ಮೆಟ್ಟಿಲ ಮೇಲೆ ಫಿರದೋಸ್ ಮುಖ ಕಂಡರೆ ಸಾಕು, ನಾವು ಮಾತು ನಿಲ್ಲಿಸಿ ಅವಳ ಹುಬ್ಬು ನೋಡುತ್ತಿದ್ದೆವು. ಕಡೆಗೊಂದು ಮಧ್ಯಾಹ್ನ ಅವಳು ಹೊರಗೆ ಬಂದು, ಜ್ವರ ಇಳಿದಿದೆ, ಬಾಯೊಳಗಿನ ನಳಿಗೆ ತೆಗೆದಿದ್ದೇವೆ, ಅವನು ತಾನೇ ಉಸಿರಾಡುತ್ತಿದ್ದಾನೆ ಎಂದಳು. ಬಾಯವ್ವ ಅವಳ ಕೆನ್ನೆ ಸವರಿ ನೆಟಿಗೆ ಮುರಿಯಲು ಕೈ ಎತ್ತಿ, ಅಷ್ಟರಲ್ಲೇ ತಡೆದು, ಮೊದಲು ನಳದ ಕಡೆ ನಡೆದಳು.

ಲಕ್ಕಪ್ಪನನ್ನು ಸಾದಾ ವಾರ್ಡಿಗೆ ತಂದ ಮೇಲೆ ಅವನು ಒಡಕು ದನಿಯಲ್ಲಿ ಕೇಳಿದ ಮೊದಲ ಮಾತು, ಊರಿನಿಂದ ಯಾರ್ಯಾರು ಬಂದಿದ್ದರು ಎಂಬುದು. ಎಲ್ಲರೂ ಬಂದಿದ್ದರು ಎಂದಳು ಅಕ್ಕ. ಅವನು ನಂಬಲಿಲ್ಲ. ಸಾಯಲು ಬಿದ್ದಿದ್ದರೂ ಒಬ್ಬನೂ ಮಾರಿ ತೋರಿಸಲಿಲ್ಲ ಎಂದು ಗೋಡೆಯ ಕಡೆ ಹೊರಳಿದನಂತೆ. ಅವರನ್ನು ತಡೆದವಳು ತಾನೇ ಎಂದು ಫಿರದೋಸ್ ಹೇಳಿದರೂ ಸಮಾಧಾನವಿಲ್ಲ. ಕೊನೆಗೆ ಅವಳು ಇಬ್ಬಿಬ್ಬರನ್ನೇ ಒಳಗೆ ಬಿಡತೊಡಗಿದಳು.

ನನ್ನ ಪಾಳಿ ಬಂತು. ಕೈ ತೊಳೆದು ಬಾಗಿಲಿಗೆ ಹೋದೆ.

"ಅಜ್ಜಾರ, ಉಗುರ ತೋರಸ್ರಿ."

ತೋರಿಸಿದೆ. ಫಿರದೋಸ್ ನಳದ ಕಡೆ ಬೆರಳು ಮಾಡಿದಳು. ತಿರುಗಿ ಹೋಗಿ ಉಗುರುಸಂದಿಯ ಹೊಲದ ಮಣ್ಣೆಲ್ಲ ತಿಕ್ಕಿ ತೆಗೆದು ಬರುವಷ್ಟರಲ್ಲಿ ನನ್ನ ಹಿಂದಿನವರೆಲ್ಲ ಒಳಗೆ ಹೋಗಿ ಮಾತಾಡಿಸಿ ಬಂದಿದ್ದರು. ನಾನು ಮಂಚದ ಹತ್ತಿರ ನಿಂತಾಗ ಲಕ್ಕಪ್ಪ ಒಂದು ಕಣ್ಣು ತೆರೆದ.

"ಎಲ್ಲಾರೂ ಬಂದ ಹ್ವಾದ್ರು," ಎಂದ. "ನಿನಗ ಈಗ ನೆನಪಾತೇನೋ?"