ಎಲುಬಿನ ಸಂದಿಗೆ ಸಿಕ್ಕ ನರ

ನಮ್ಮದು ರಾಯದುರ್ಗದ ಸೀಮೆಯಲ್ಲಿ ಡಿ. ಹಿರೇಹಾಳ್ ಕಡೆಯ ಹಳ್ಳಿ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಶೇಂಗಾ ಹೊಟ್ಟಿನ ಬಣವೆಯಿಂದ ಜಾರಿ ಬಿದ್ದು, ಬಲಗೈಯನ್ನು ಮೊಣಕೈ ಹತ್ತಿರ ಮುರಿದುಕೊಂಡಳು. ಬಳ್ಳಾರಿಗೆ ಕರೆದೊಯ್ದೆವು. ಎಲುಬು ಕೂಡಿಸಿ ಸಿಮೆಂಟ್ ಪಟ್ಟಿ ಹಾಕಿದರು. ಪಟ್ಟಿ ಬಿಚ್ಚಿದ ದಿನ ಎಕ್ಸ್‌ರೇ ನೋಡಿ, ಎಲುಬು ಚೆನ್ನಾಗಿ ಕೂಡಿದೆ ಎಂದರು. ಆ ಖುಷಿಗೆ ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಮಿರ್ಚಿ ಬಜ್ಜಿ ಕೊಡಿಸಿದರು. ಅವಳು ಎಡಗೈಯಲ್ಲಿ ತಿಂದಳು.

ಆಮೇಲೂ ಎಡಗೈಯಲ್ಲೇ ತಿಂದಳು. ಬಲಗೈಯ ಹೆಬ್ಬೆರಳು, ತೋರುಬೆರಳು ಮಡಚಲು ಬರುತ್ತಿರಲಿಲ್ಲ. ಪೆನ್ಸಿಲ್ ಹಿಡಿದರೆ ಜಾರಿ ಬೀಳುತ್ತಿತ್ತು.

"ಅಂಜಿಕಿ ಅದು. ರೂಢಿ ಆದ್ರ ಹೋಗ್ತೈತಿ," ಎಂದರು ನಮ್ಮ ಅತ್ತೆ. ಡಾಕ್ಟರೂ ಕಾಯಲು ಹೇಳಿದರು. ಕಾದೆವು.

ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಶಾಲೆಯದೇನೋ ಹೇಳುತ್ತ, ಬಲಗೈ ಹಂಚಿನ ಅಂಚಿಗೆ ತಾಗಿದ್ದನ್ನು ನೋಡಿರಲಿಲ್ಲ. ಸುಟ್ಟ ವಾಸನೆ ನನಗೆ ಬಂತು. ಕೈ ಎಳೆದು ನೋಡಿದರೆ ತೋರುಬೆರಳಿನ ತುದಿ ಬೆಳ್ಳಗಾಗಿತ್ತು. "ಯಾಕವ್ವಾ?" ಎಂದು ನನ್ನ ಮುಖ ನೋಡಿದಳು. ಅವಳು ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮತ್ತೆ ಬಳ್ಳಾರಿ, ಬೇರೆ ಆಸ್ಪತ್ರೆ. ಅಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ಪಕ್ಕಕ್ಕಿಟ್ಟು, "ಇದ್ರಾಗ ಎಲುಬು ಅಷ್ಟ ಕಾಣ್ತೈತಮ್ಮ. ನರ ನೋಡಬೇಕಂದ್ರ ಸ್ಕ್ಯಾನಿಂಗ್ ಮಾಡಬೇಕು," ಎಂದರು.

ನಾನು ಬಸುರಿಯಾಗಿದ್ದಾಗ ಹೊಟ್ಟೆಯ ಮೇಲೆ ಆಡಿಸಿದ್ದಂಥದೇ ಯಂತ್ರ. ತಣ್ಣನೆಯ ಜೆಲ್ ಹಚ್ಚಿ, ತೋಳಿನಿಂದ ಕೆಳಕ್ಕೆ ಮೆಲ್ಲಗೆ ಸರಿಸಿದರು. ಪರದೆಯ ಮೇಲೆ ಬೂದುಬಣ್ಣದ ಹುರಿಯಂಥದ್ದು ಇಳಿಯುತ್ತ ಬಂದು, ಮೊಣಕೈ ಹತ್ತಿರ ದಪ್ಪವಾಗಿ, ಎಲುಬಿನೊಳಗೆ ಹೊಕ್ಕು ಮರೆಯಾಯಿತು.

"ಮುರಿದ ಎಲುಬು ಕೂಡೋವಾಗ ಸಂದ್ಯಾಗ ನರ ಸಿಕ್ಕೊಂಡೈತಿ. ಬಿಡಿಸಬೇಕು."

"ಬಿಡಿಸಿದ್ರ ಮೊದಲಿನಂಗ ಆಗ್ತೈತೇನ್ರಿ?" ಮನೆಯವರು ಕೇಳಿದರು.

"ಭಾಳ ದಿನ ಆಗೈತ್ರಿ. ಪೂರ್ತಿ ಆಗ್ತೈತಿ ಅಂತ ಹೇಳಾಕ ಬರಂಗಿಲ್ಲ."

ಆಪರೇಷನ್ ಆಯಿತು. ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ, ಬೆರಳಲ್ಲಿ ಇರುವೆ ಹರಿದಂತಾಗುತ್ತದೆ ಎಂದಳು. ಈಗ ಬಿಸಿ, ತಂಪು ತಿಳಿಯುತ್ತದೆ. ಹೆಬ್ಬೆರಳಿಗೆ ಮಾತ್ರ ಬಲ ಬರಲಿಲ್ಲ. ಅದರ ಬುಡದ ಮಾಂಸ ಇಳಿದುಹೋಗಿದೆ. ಬರೆಯುವುದು ಎಡಗೈಯಲ್ಲಿ. ಅಂಗಿಯ ಗುಂಡಿ ನಾನೇ ಹಾಕುತ್ತೇನೆ.

ಮೊನ್ನೆ ತಲೆ ಬಾಚುತ್ತಿದ್ದಾಗ ಕೇಳಿದಳು: "ಅವ್ವಾ, ಆ ಮಿಷನ್ನಾಗ ಮೊದಲ ನೋಡಿದ್ರ ನನ್ನ ಕೈ ಸರಿ ಆಗ್ತಿತ್ತೇನು?"

"ಅಲ್ಲಾಡಬ್ಯಾಡ, ಜಡಿ ಸಡ್ಲ ಆಗ್ತೈತಿ," ಎಂದೆ.